ತೊಳೆಯದ ಕಲ್ಲು

ಕುಲುಮೆಯಿಂದ ತೆಗೆದು ಆರಲು ಬಿಟ್ಟಿದ್ದ ಕಪ್ಪು ಬಿಲ್ಲೆಯನ್ನು ಶಾಲ್ಮಲಾ ಇಕ್ಕಳದಲ್ಲಿ ಹಿಡಿದು ಅಯಸ್ಕಾಂತದ ಮೇಲಿಟ್ಟಳು. ಬಿಲ್ಲೆ ಕೂತುಬಿಟ್ಟಿತು.

ಜೀವವಿದ್ದ ಬಿಲ್ಲೆ ಕೂರುವುದಿಲ್ಲ. ಅಯಸ್ಕಾಂತದಿಂದ ಅಕ್ಕಿಕಾಳಿನಷ್ಟು ಮೇಲೆದ್ದು, ಯಾರೂ ಹಿಡಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ತಟ್ಟಿದರೆ ನಿಂತಲ್ಲೇ ತಿರುಗುತ್ತದೆ. ಶಾಲ್ಮಲಾ ಬೆರಳಿಂದ ತಟ್ಟಿದಳು. ಬಿಲ್ಲೆ ಅಂಚಿನವರೆಗೆ ಜಾರಿ ಟೇಬಲ್ಲಿನ ಮೇಲೆ ಬಿತ್ತು.

“ಮತ್ತ ಕೂತ್ತೇನು?” ಬಾಗಿಲಾಚೆ ನಿಂತೇ ಸುಜಯಾ ಕೇಳಿದಳು. ಇಬ್ಬರೂ ಒಂದೇ ವರ್ಷ ಈ ಸಂಶೋಧನಾ ಗುಂಪಿಗೆ ಸೇರಿದವರು.

“ಕೂತ್ತವ್ವಾ. ನಾ ಮಾಡಿದ್ದಕ್ಕೆಲ್ಲಾ ಕಾಲು ಸೋತಿರತಾವ.”

ಸುಜಯಾ ನಗಲಿಲ್ಲ. ಚಹಾದ ಲೋಟವನ್ನು ಹೊರಗಿನ ಸ್ಟೂಲಿನ ಮೇಲಿಟ್ಟು, “ಆರಿಹೋಗ್ತದ, ಕುಡಿ” ಎಂದು ಹೋದಳು.

ಧಾರವಾಡದ ಹೊರಗೆ, ಕಲ್ಲುಗುಡ್ಡದ ಮಗ್ಗುಲಲ್ಲಿದ್ದ ಆ ಸಂಶೋಧನಾ ಕೇಂದ್ರದಲ್ಲಿ ಶಾಲ್ಮಲಾಳ ಲೋಟ ಬೇರೆ. ಯಾವಾಗ ಬೇರೆಯಾಯಿತೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೊನೆಯ ಮೂಲೆಯ ಈ ಕೋಣೆಯನ್ನು ಅವಳಿಗೆ ಕೊಟ್ಟು, ‘ಒಬ್ಬಳೇ ಇದ್ದರೆ ಮನಸ್ಸಿಗೆ ಸಮಾಧಾನ’ ಎಂದಿದ್ದರು. ತಾಯಿಪುಡಿ ಇಟ್ಟ ಕೋಣೆಗೆ ಅವಳನ್ನು ಕರೆಯುತ್ತಿರಲಿಲ್ಲ. ಅವಳ ಪಾಲಿನ ಚಿಟಿಕೆ ಪುಡಿಯನ್ನು ಸೀಸೆಯಲ್ಲಿ ಹಾಕಿ ಅದೇ ಸ್ಟೂಲಿನ ಮೇಲಿಡುತ್ತಿದ್ದರು. ಗಂಡ ಸತ್ತವಳನ್ನು ಅರಿಶಿನ-ಕುಂಕುಮಕ್ಕೆ ಕರೆಯದ ಜನರ ನಡುವೆ ಬೆಳೆದವಳಿಗೆ ಇದು ಹೊಸದೇನಲ್ಲ. ಆಯುಧಪೂಜೆಯ ದಿನ ಎಕ್ಸ್-ರೇ ಯಂತ್ರಕ್ಕೂ ಕುಂಕುಮ ಹಚ್ಚುವ ಜನ ಇವರು. ವಿಜ್ಞಾನಿಗಳಾದರೇನಾಯಿತು, ಅಂಥದೇ ತಾಯಂದಿರ ಹೊಟ್ಟೆಯಲ್ಲಿ ಹುಟ್ಟಿದವರು ಎಂದು ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಆ ಕಪ್ಪು ಪುಡಿಯನ್ನು ಮೊದಲು ಮಾಡಿದವನು ಅವಳ ಗಂಡ ಸಿದ್ಧರಾಮ. ಲೋಕದ ಉಳಿದ ಅತಿವಾಹಕಗಳೆಲ್ಲ ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗಿದ್ದರೆ ಮಾತ್ರ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುತ್ತವೆ. ಸಿದ್ಧರಾಮನ ಪುಡಿಗೆ ಮೇ ತಿಂಗಳ ಬಿಸಿಲೂ ಲೆಕ್ಕಕ್ಕಿರಲಿಲ್ಲ. ಅದನ್ನು ಲೇಪಿಸಿದ ತಂತಿಯನ್ನು ಸುರುಳಿ ಸುತ್ತಿ, ಹಗಲಿನ ಸೌರವಿದ್ಯುತ್ತನ್ನು ಒಳಗೆ ಬಿಟ್ಟು ಬಾಯಿ ಕಟ್ಟಿದರೆ, ವಿದ್ಯುತ್ತು ಸುತ್ತುತ್ತಲೇ ಇರುತ್ತಿತ್ತು. ಬೇಕಾದಾಗ ತೆಗೆದುಕೊಂಡರಾಯಿತು.

ಆದರೆ ಅದಕ್ಕೊಂದು ವಿಚಿತ್ರ ಗುಣ. ಅದನ್ನು ಹೊಸದಾಗಿ ಹುಟ್ಟಿಸಲು ಆಗುತ್ತಿರಲಿಲ್ಲ, ಹೆಪ್ಪು ಹಾಕಬೇಕಿತ್ತು. ಅವೇ ಪರಮಾಣುಗಳು ಎರಡು ರೀತಿಯಲ್ಲಿ ಕೂರಬಲ್ಲವು: ಒಂದು ಜೀವದ ಸಾಲು, ಇನ್ನೊಂದು ಸತ್ತ ಸಾಲು. ಬೆಂಕಿಯಲ್ಲಿ ಬೇಯುವಾಗ ಪಕ್ಕದಲ್ಲಿ ಯಾರು ಹೇಗೆ ಕೂತಿದ್ದಾರೆಂದು ನೋಡಿ ಹೊಸ ಕಣಗಳೂ ಹಾಗೇ ಕೂರುತ್ತವೆ. ಅದಕ್ಕೇ ಪ್ರತಿ ಸಲವೂ ಹಿಂದಿನ ಜೀವದ ಪುಡಿಯಿಂದ, ಅಂದರೆ ತಾಯಿಪುಡಿಯಿಂದ, ಒಂದು ಚಿಟಿಕೆ ಬೆರೆಸಿ ಅರೆಯಬೇಕು. ಯಂತ್ರದಲ್ಲಿ ಅರೆದರೆ ಸಾಲು ಮುರಿಯುತ್ತದೆ. ಕೈಯಿಂದಲೇ ಆಗಬೇಕು, ಅಗೇಟ್ ಶಿಲೆಯ ಚಿಕ್ಕ ಒರಳಿನಲ್ಲಿ, ಮೃದುವಾಗಿ, ಒಂದೇ ದಿಕ್ಕಿಗೆ. ಆ ಒರಳನ್ನು ಗುಂಪಿನವರು ಬರೀ ‘ಕಲ್ಲು’ ಎನ್ನುತ್ತಿದ್ದರು. ಒಬ್ಬರಿಗೆ ಒಂದು ಕಲ್ಲು. ಯಾರಾದರೂ ಬಿಟ್ಟುಹೋದರೆ ಅವರ ಕಲ್ಲು ಇನ್ನೊಬ್ಬರಿಗೆ. ಕೈ ಬದಲಾದ ಕಲ್ಲಿಗೆ ಮೊದಲು ಬಂಗಾರವನ್ನೂ ಕರಗಿಸುವ ಆಸಿಡ್ಡಿನ ಸ್ನಾನ. ಇದು ಅಲ್ಲಿ ಮೊದಲ ದಿನ ಕಲಿಸುವ ಪಾಠ.

ಸಿದ್ಧರಾಮ ತೀರಿಕೊಂಡ ಮೇಲೆ, ಕಾರ್ಯವೆಲ್ಲ ಮುಗಿದ ದಿನ, ಗುಂಪಿನ ಮುಖ್ಯಸ್ಥ ಪ್ರೊಫೆಸರ್ ಕುಂದರಗಿ ಮನೆಗೆ ಬಂದು ಅವನ ಕಲ್ಲನ್ನು ಶಾಲ್ಮಲಾಳ ಕೈಗಿಟ್ಟಿದ್ದರು. “ಅವನ ಕೆಲಸ ನೀ ಮುಂದುವರಸಬೇಕವ್ವಾ,” ಎಂದಾಗ ಅವರ ದನಿ ಒಡೆದಿತ್ತು. ಕಲ್ಲಿನ ಕುಳಿಯಲ್ಲಿ, ಅರೆಯುವ ಗುಂಡು ಸುತ್ತಿ ಸುತ್ತಿ ಸವೆದಲ್ಲಿ, ಬೂದುಬಣ್ಣದ ತೆಳು ನೆರಳೊಂದು ಉಳಿದಿತ್ತು. ಅವನ ಕೈ ಅರೆದದ್ದು. ಜಗತ್ತಿನ ಮೊದಲ ಜೀವದ ಬಿಲ್ಲೆ ಹುಟ್ಟಿದ್ದೂ ಅದೇ ಕುಳಿಯಲ್ಲಿ. ಶಾಲ್ಮಲಾ ಆಸಿಡ್ಡಿನ ಬಾಟಲಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿಟ್ಟಳು.

ಅಂದಿನಿಂದ ಅವಳು ಅರೆದದ್ದೆಲ್ಲ ಸತ್ತೇ ಹುಟ್ಟಿತು. ಕುಲುಮೆ ಬದಲಾಯಿಸಿದಳು, ಆಮ್ಲಜನಕದ ಸಿಲಿಂಡರು ಬದಲಾಯಿಸಿದಳು, ಬೆಳಗಾವಿಯಿಂದ ಬೇರೆ ನೀರು ತರಿಸಿದಳು. ಕಲ್ಲಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಕೊನೆಗೆ ಉಳಿದದ್ದು ಕೈ. “ಕೆಲವರಿಗೆ ಕೈ ಕೂಡಿಬರೂದಿಲ್ಲ, ಅದಕ್ಕ ಬ್ಯಾಸರ ಯಾಕ?” ಎಂದು ಕುಂದರಗಿಯವರೂ ಮೆಲ್ಲಗೆ ಹೇಳಿದ್ದರು. ಈ ತಿಂಗಳ ಕೊನೆಗೆ ಸಮಿತಿ ಕೂರಲಿತ್ತು. ಒಂದೇ ಒಂದು ಜೀವದ ಬಿಲ್ಲೆ ತೋರಿಸಿದರೆ ಅವಳ ಫೆಲೋಶಿಪ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು. ಜಾಗ ಹೋದರೆ ಹೋಗಲಿ, ಬೇರೆ ಎಲ್ಲಾದರೂ ಪಾಠ ಹೇಳಿ ಬದುಕಬಹುದು. ಸಿದ್ಧರಾಮ ಕೊಟ್ಟುಹೋದ ಕೆಲಸಕ್ಕೆ ತನ್ನ ಕೈ ಯೋಗ್ಯವಲ್ಲ ಎಂಬುದನ್ನು ಹೊತ್ತುಕೊಂಡು ಮಾತ್ರ ಎಲ್ಲಿಗೂ ಹೋಗಲಾರಳು.

*

ಮನೆಗೆ ಬಂದಾಗ ಅತ್ತೆ ಬಸಲಿಂಗವ್ವ ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದಳು.

“ಮತ್ತ ಸತ್ತೈತಿ ನೋಡು ನಿನ್ನ ಗಂಡನ ಸುರುಳಿ,” ಎಂದಳು.

ಪ್ರಯೋಗಕ್ಕೆಂದು ಅವರ ಓಣಿಯ ಪ್ರತಿ ಮನೆಗೂ ಒಂದೊಂದು ಸುರುಳಿಯ ಡಬ್ಬಿ ಕೊಟ್ಟಿದ್ದರು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಣಬಟ್ಟೆಯಿಂದ ಧೂಳು ಒರೆಸಬೇಕು, ಅಷ್ಟೇ. ಓಣಿಯವರು ಕರೆಂಟು ಹೋಗುವ ವೇಳೆಯನ್ನೇ ಮರೆತಿದ್ದರು. ಹಿಟ್ಟಿನ ಗಿರಣಿ ದಿನವಿಡೀ ನಡೆಯುತ್ತಿತ್ತು. ಹೆಂಗಸರು ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗುವುದನ್ನು ಕಲಿತಿದ್ದರು. ಶಾಲ್ಮಲಾಳ ಮನೆಯ ಸುರುಳಿ ಮಾತ್ರ ಬಂದ ಕೆಲವೇ ದಿನಗಳಲ್ಲಿ ಬಿಸಿಯಾಗಿ, ಒಳಗಿದ್ದುದನ್ನೆಲ್ಲ ಚೆಲ್ಲಿ, ಮೊಂಡಾಗಿ ಬಿದ್ದಿರುತ್ತಿತ್ತು. ಬದಲಾಯಿಸಿ ಕೊಟ್ಟರು. ಅದೂ ಹಾಗೇ ಆಯಿತು. ಈಗ ಕೊಡುವವರೂ ಈ ಕಡೆ ಬರುತ್ತಿರಲಿಲ್ಲ.

“ಮಾಡಿದಾವನ ಮನಿಯಾಗ ದೀಪ ಇಲ್ಲ. ಊರಾಗೆಲ್ಲಾ ಝಗಝಗ,” ಬಸಲಿಂಗವ್ವ ಗೊಣಗಿದಳು. ಆಮೇಲೆ ದನಿ ತಗ್ಗಿಸಿ, “ಬಾಜೂಮನಿ ನೀಲವ್ವಂದೂ ಹೋತಂತ. ನೀ ಮೊನ್ನೆ ಹೋಗಿದ್ದಿಲ್ಲ, ಒರಸಿ ಕೊಡಾಕ?”

“ಹೋಗಿದ್ನಿ. ಕೈನೋವು ಅಂದಿದ್ಲು ಅಂತ.”

“ಹೂಂ. ಅಕಿ ಬಾಯಿ ನಿನಗ ಗೊತ್ತಲ್ಲ.”

ಗೊತ್ತಿತ್ತು. ನೀರಿನ ನಳದ ಹತ್ತಿರ ಅವಳು ಬಂದರೆ ನೀಲವ್ವ ಕೊಡ ಎತ್ತಿಕೊಂಡು ಬದಿಗೆ ಸರಿಯುತ್ತಿದ್ದಳು. ಸುರುಳಿಯನ್ನು ಕೈಯಲ್ಲಿ ಹಿಡಿದು ಶಾಲ್ಮಲಾ ತಿರುವಿ ನೋಡಿದಳು. ಲೇಪದ ಮೇಲೆ ಎಲ್ಲಿಂದಲೋ ಶುರುವಾದ ಮಾಸಲು ಬಣ್ಣ ತುದಿಯವರೆಗೆ ಹಬ್ಬಿತ್ತು.

*

ಆ ವಾರ ಸುರುಳಿ ತಯಾರಿಸಲಿದ್ದ ಕಂಪನಿಯ ಎಂಜಿನಿಯರುಗಳು ಬಂದರು. ಸಭಾಂಗಣದಲ್ಲಿ ಕುಂದರಗಿಯವರ ಉಪನ್ಯಾಸ. ಶಾಲ್ಮಲಾಳಿಗೆ ಯಾರೂ ತಿಳಿಸಿರಲಿಲ್ಲ. ಕಾರಿಡಾರಿನಲ್ಲಿ ಗದ್ದಲ ಕೇಳಿ ತಾನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಸತ್ತ ಸಾಲಿನ ಕಣಗಳು ಅಂಟುರೋಗದಂತೆ ಹರಡುತ್ತವೆಂಬುದನ್ನು ಅವಳು ಕೇಳಿದ್ದು ಅಂದೇ ಮೊದಲು. ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು, ಎಕ್ಸ್-ರೇಗೂ ಸಿಗುವುದಿಲ್ಲ, ಜೀವದ ಸಾಲು ಅದರ ಪಕ್ಕ ಬಂದರೆ ಎದ್ದು ಅದರಂತೆಯೇ ಕೂತುಬಿಡುತ್ತದೆ ಎಂದರು ಕುಂದರಗಿ.

ಒಬ್ಬ ಎಂಜಿನಿಯರ್ ಕೇಳಿದ: ನಮ್ಮ ಕಾರ್ಖಾನೆಯ ಒಂದು ಪಾತ್ರೆಗೆ ಈ ಸತ್ತ ಪುಡಿ ಹೊಕ್ಕಿತೆನ್ನಿ. ದಿನಾ ಕೆಲಸ ನಡೆದರೆ ತಾನೇ ಸವೆದು ಹೋದೀತೇ?

“ಹೋಗುವುದಿಲ್ಲ. ನಮ್ಮಲ್ಲಿ ಅದಕ್ಕೆ ಸಾಕ್ಷಿಯಿದೆ,” ಎಂದು ಕುಂದರಗಿ ಪರದೆಯ ಮೇಲೆ ಒಂದು ನಕ್ಷೆ ತೋರಿಸಿದರು. “ಒಂದೇ ಒರಳು, ಒಂದೇ ಕೈ, ಎರಡು ವರ್ಷಕ್ಕೂ ಹೆಚ್ಚಿನ ಅವಧಿ. ಅರೆಯುವವರಿಗೆ ಒರಳು ಕೆಟ್ಟಿದೆಯೆಂದು ಗೊತ್ತಿಲ್ಲ. ಹಾಗಾಗಿ ಫಲಿತಾಂಶ ಪರಿಶುದ್ಧ.”

ನಕ್ಷೆಯ ತಳಕ್ಕೆ ಅಂಟಿಕೊಂಡು ಸಾಗುವ ಚುಕ್ಕೆಗಳ ಸಾಲು, ಒಂದೊಂದು ಬಿಲ್ಲೆಗೆ ಒಂದೊಂದು ಚುಕ್ಕೆ. ಶಾಲ್ಮಲಾ ಸುಮ್ಮನೆ ನೋಡುತ್ತಿದ್ದಳು. ನಡುವೆ ಒಂದು ಕಡೆ ಚುಕ್ಕೆಗಳಿರಲಿಲ್ಲ. ಕಳೆದ ವರ್ಷದ ಶ್ರಾವಣ. ಅತ್ತೆಗೆ ಕಣ್ಣಿನ ಆಪರೇಷನ್ ಆಗಿ ಅವಳು ರಜೆಯಲ್ಲಿದ್ದಳು. ಅದರಾಚೆ ಒಂದೇ ಒಂದು ಚುಕ್ಕೆ ಎತ್ತರದಲ್ಲಿತ್ತು. ಅಂದು ಕಪಾಟಿನ ಕೀಲಿ ಮರೆತು ಬಂದು ಸುಜಯಾಳ ಕಲ್ಲಿನಲ್ಲಿ ಅರೆದಿದ್ದಳು. ಬಿಲ್ಲೆ ಅರ್ಧ ಎದ್ದು ವಾಲಿಕೊಂಡು ನಿಂತಿತ್ತು. ಅದನ್ನು ಕುಣಿದಾಡುತ್ತ ತೋರಿಸಿದಾಗ ಕುಂದರಗಿ ಹೇಳಿದ ಮಾತೂ ನೆನಪಾಯಿತು: “ಒಂದ ಚುಕ್ಕಿ ಹಿಡಕೊಂಡು ಗೆರಿ ಎಳೀಬ್ಯಾಡವ್ವಾ. ನಿನ್ನ ಕಲ್ಲಿಗೆ ವಾಪಸ್ ಹೋಗು.”

ನಕ್ಷೆಯ ಮೇಲೆ ಹರಡಿ ಬಿದ್ದದ್ದು ಅವಳ ದಿನಗಳು.

ಅವಳು ತಲೆಯೆತ್ತಿ ಸುಜಯಾಳನ್ನು ಹುಡುಕಿದಳು. ಸುಜಯಾ ಆಗಲೇ ಇವಳನ್ನು ನೋಡುತ್ತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

ಹೊರಗೆ ಬಂದಾಗ ಸುಜಯಾ ಓಡಿಬಂದು, ಎಂದಿನಂತೆ ಎರಡು ಮಾರು ದೂರದಲ್ಲಿ ನಿಂತಳು.

“ಲೋಟ ಅದಕ್ಕ ಬ್ಯಾರೆ ಇಟ್ಟಿದ್ರೇನು?” ಶಾಲ್ಮಲಾ ಕೇಳಿದಳು.

“ಸರ್ ಎಲ್ಲಾರ ಕಡೆ ಭಾಷೆ ತೊಗೊಂಡಿದ್ರು ಶಾಲೂ. ನಿನಗ ಹೇಳಿದ್ರ ಪ್ರಯೋಗ ಕೆಡ್ತದ ಅಂತ. ನಿನ್ನ ಸೀರಿ, ಕೈ, ಎಲ್ಲಾದರಾಗೂ ಆ ಪುಡಿ ಇರತದ… ತಾಯಿಪುಡಿಗೆ ತಗಲಿದ್ರ ಎಲ್ಲಾ ಮುಗೀತು.”

“ನಾ ಗಂಡ ಸತ್ತಾಕಿ ಅಂತ ದೂರ ಇಡ್ತೀರಿ ಅನ್ಕೊಂಡಿದ್ದೆ.”

“ಛೇ! ಛೇ! ನಾವೇನು ಅಂಥ ಜನ ಅಂತ ತಿಳದೀ?” ಸುಜಯಾಳಿಗೆ ನಿಜವಾಗಿಯೂ ನೋವಾದಂತಿತ್ತು.

ಅಂಥ ಜನವಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ಶಾಲ್ಮಲಾಳಿಗೆ. ಮೌಢ್ಯವನ್ನಾದರೆ ಕ್ಷಮಿಸಲು ಅವಳಿಗೆ ರೂಢಿಯಿತ್ತು.

*

ಕುಂದರಗಿ ಅವಳನ್ನು ನಿರೀಕ್ಷಿಸಿದವರಂತೆ ಕನ್ನಡಕ ಒರೆಸುತ್ತ ಕೂತಿದ್ದರು.

“ಕೂಡು. ಸಿಟ್ಟು ಬಂದದ, ಬರಬೇಕಾದ್ದ. ಆದ್ರ ವಿಚಾರ ಮಾಡು. ನಾಳೆ ಊರಿಗೆ ಊರ ಈ ಸುರುಳಿ ನಂಬಿ ಕೂಡ್ತದ. ದವಾಖಾನಿ, ನೀರಿನ ಪಂಪು, ಎಲ್ಲಾ. ಸತ್ತ ಪುಡಿ ಎಷ್ಟು ದಿನ ಬದುಕತದ ಅನ್ನೂದು ಗೊತ್ತಿಲ್ಲದ ಹೊರಗ ಬಿಡಬೇಕಿತ್ತೇನು?”

“ನನಗ ಹೇಳಬಹುದಿತ್ತಲ್ರಿ ಸರ್.”

“ಹೇಳಿದ್ರ ನೀ ತೊಳೀತಿದ್ದಿ. ಬ್ಯಾರೆ ಯಾರಿಗೆ ಕೊಟ್ಟಿದ್ರೂ ಹೇಳದನ ತೊಳೀತಿದ್ರು.” ಕನ್ನಡಕ ಹಾಕಿಕೊಂಡರು. “ನೀ ಒಬ್ಬಾಕೀನ ತೊಳಿಯಂಗಿದ್ದಿಲ್ಲ.”

ಶಾಲ್ಮಲಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಈಗ ಒಂದ ಚುಕ್ಕಿ ಬಾಕಿ ಅದ,” ಕುಂದರಗಿ ದನಿಯಲ್ಲಿ ಹುರುಪು ತುಂಬಿಕೊಂಡರು. “ಆಸಿಡ್ಡಿನಾಗ ತೊಳೆದ ಮ್ಯಾಲೆ ಆ ಕಲ್ಲು ಚೊಕ್ಕ ಆಗ್ತದೋ ಇಲ್ಲೋ. ಕಂಪನಿಗೆ ಬೇಕಾದ್ದು ಅದ ಉತ್ತರ. ನೀನ ತೊಳಿ, ನೀನ ಅರಿ. ಎದ್ದರ ಸಮಿತಿ ಮುಂದ ಇಡು. ಪ್ರಬಂಧದಾಗ ನಿನ್ನ ಹೆಸರೂ ಹಾಕ್ತೀನಿ, ಫೆಲೋಶಿಪ್ ನನಗ ಬಿಡು.”

“ಕಲ್ಲು ಕೆಟ್ಟದ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?”

ಕುಂದರಗಿ ಕಿಟಕಿಯ ಕಡೆ ನೋಡಿದರು. “ಸಿದ್ಧರಾಮಂದೂ ಕಡೀಕ ಎಲ್ಲಾ ಸತ್ತ ಬರ್ತಿದ್ವು. ಅವನ ಕಂಡುಹಿಡದ. ದವಾಖಾನಿಯೊಳಗ ಮಲಕೊಂಡು ಹೇಳಿದ.”

“ಮತ್ತ, ನನಗ ಕೊಡ್ರಿ ಅಂತ?”

“ನಾ ಕೇಳಿದೆ, ಯಾರಿಗೆ ಕೊಡೂದು ಅಂತ. ಅಂವ ಹೇಳಿದ.” ಕಿಟಕಿಯಿಂದ ಈ ಕಡೆ ತಿರುಗಿ, “ಅವಂಗ ವಿಜ್ಞಾನ ಎಲ್ಲಾದಕ್ಕಿಂತ ದೊಡ್ಡದಿತ್ತು ಶಾಲ್ಮಲಾ,” ಎಂದರು, ಹೊಗಳಿಕೆಯ ಮಾತಿನಂತೆ.

*

ಓಣಿಯಲ್ಲಿ ನೀಲವ್ವ ಬಾಗಿಲಲ್ಲೇ ನಿಂತಿದ್ದಳು. ಕಾಲಿಗೆ ತೊಡರಿದಂತೆ ಶಾಲ್ಮಲಾ ಅಲ್ಲೇ ನಿಂತಳು. ಇವಳಿಗಾದರೂ ನಿಜ ಹೇಳಬೇಕೆನ್ನಿಸಿತು. ನನ್ನ ಕಾಲ್ಗುಣವಲ್ಲ, ನನ್ನ ಬಟ್ಟೆಗೆ ಅಂಟಿಕೊಂಡ ಪುಡಿ. ಅದು ನಿಮ್ಮ ಸುರುಳಿಗೆ ಬಿದ್ದು ಹೀಗಾಯಿತು, ಹೊಸದೊಂದು ಕೊಡಿಸುತ್ತೇನೆ ಎಂದು ತಿಳಿಯುವ ಹಾಗೆ ಬಿಡಿಸಿ ಹೇಳಿದಳು.

ನೀಲವ್ವ ಕೊನೆಯವರೆಗೆ ಕೇಳಿದಳು. “ಅಂದ್ರ, ನೀ ಬಂದಿದ್ದಕ್ಕ ಸತ್ತದ್ದು ಅನ್ನೂದು ಖರೇನ ಆತಲ್ಲವಾ? ನಾ ಅಂದ್ರ ಮಂದಿ ನನಗ ಬಯ್ತಾರ.”

ಶಾಲ್ಮಲಾಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ನೀಲವ್ವ ಹೆದರಿ ಒಳಗೆ ಹೋದಳು.

ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶಾಲ್ಮಲಾ ಹೊಸ್ತಿಲ ಮೇಲೆ ಕೂತಳು.

“ಅತ್ತಿ, ಅವರು ದವಾಖಾನಿಯೊಳಗಿದ್ದಾಗ ಕುಂದರಗಿ ಸರ್ ಬಂದಿದ್ದ ದಿನ ನೀವ ಇದ್ರಿ ಅಲ್ಲ?”

“ಇದ್ನೆಲ್ಲ. ನೀ ಗುಳಿಗಿ ತರಾಕ ಹೋಗಿದ್ದಿ.”

“ಏನ ಮಾತಾಡಿದ್ರು?”

“ಅವ್ರ ಮಾತು ನನಗೇನ ತಿಳಿತೈತಿ?” ಬಸಲಿಂಗವ್ವ ಹಿಟ್ಟು ಉದುರಿಸಿದಳು. “ಏನೋ ಕಲ್ಲು, ಕಲ್ಲು ಅಂತಿದ್ರು. ‘ಶಾಲ್ಮಲಾಗ ಕೊಡ್ರಿ ಸರ್, ಅಕಿ ತೊಳಿಯಾಕಿ ಅಲ್ಲ’ ಅಂದ. ನಾ ಎಲ್ಲೋ ಅಡಗಿ ಭಾಂಡೆ ಮಾತು ಅಂತ ತಿಳಕೊಂಡು, ‘ಯಾಕೋ ಯಪ್ಪಾ, ಪಾಪ, ದಿನಾ ಅಕೀನ ತೊಳೀತಾಳ’ ಅಂದೆ. ಇಬ್ರೂ ನಕ್ರು.” ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. “ಭಾಳ ದಿನದ ಮ್ಯಾಲೆ ನಕ್ಕಿದ್ದ ಅವತ್ತ. ನನಗೂ ಖುಷಿ ಆತು. ಯಾಕ ಕೇಳ್ತೀ?”

“ಸುಮ್ನ್ರಿ.”

“ಒಂದು ರೊಟ್ಟಿ ಬಿಸೀದ ತಿನ್ನು. ಮಾರಿ ನೋಡು ಹ್ಯಾಂಗ ಆಗೈತಿ.”

ತಟ್ಟೆ ಮುಂದೆ ಬಂತು. ಶಾಲ್ಮಲಾ ತಿಂದಳು. ಅವನ ನಗು ಅವಳಿಗೆ ಗೊತ್ತಿತ್ತು. ಲೆಕ್ಕವೊಂದು ಸರಿಹೋದಾಗ ಬರುವ ನಗು. ತನ್ನನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇನ್ನಾರೂ ಇರಲಿಲ್ಲ. ಬಲ್ಲವನಾದ್ದರಿಂದಲೇ ಅವನಿಗೆ ಹಾಗೆ ಹೇಳಲು ಬಂದಿತ್ತು.

*

ಮರುದಿನ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ಕಲ್ಲನ್ನು ಹೊಗೆಗೂಡಿನ ಕೆಳಗಿಟ್ಟು ಆಸಿಡ್ ಸುರಿದಳು. ಕಿತ್ತಳೆ ಬಣ್ಣದ ಹೊಗೆ ಎದ್ದಿತು. ಕುಳಿಯ ಬೂದು ನೆರಳು ಮೊದಲು ಅಂಚಿನಲ್ಲಿ, ಆಮೇಲೆ ನಡುವೆ, ಕೊನೆಗೆ ಎಲ್ಲ ಕಡೆ ಕರಗಿತು. ಅಳು ಬರಬಹುದೆಂದು ಅವಳು ಕಾದಳು. ಬರಲಿಲ್ಲ. ಕಲ್ಲು ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು.

ಆಸಿಡ್ಡಿನ ಸ್ನಾನ ಇನ್ನೂ ಕೆಲವು ಸಲ ಆಯಿತು. ಕೋಣೆಯನ್ನು ತಾನೇ ಒರೆಸಿದಳು. ಪೆಟ್ಟಿಗೆ ಬಿಚ್ಚದ ಹೊಸ ಗೌನು, ಹೊಸ ಕೈಗವಸು ತೊಟ್ಟು, ಸ್ಟೂಲಿನ ಮೇಲಿದ್ದ ಚಿಟಿಕೆ ಹೆಪ್ಪು ಹಾಕಿ, ಒಂದೇ ದಿಕ್ಕಿಗೆ, ಮೃದುವಾಗಿ ಅರೆದಳು. ಕುಲುಮೆ ಆರಿದ ಮೇಲೆ ಬಿಲ್ಲೆಯನ್ನು ಅಯಸ್ಕಾಂತದ ಮೇಲೆ ಹಿಡಿದು ಇಕ್ಕಳ ಬಿಟ್ಟಳು.

ಬಿಲ್ಲೆ ನಿಂತಿತು, ಗಾಳಿಯಲ್ಲಿ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. ಕೈಯಲ್ಲಿ ದೋಷವಿರಲಿಲ್ಲ. ಯಾವತ್ತೂ ಇರಲಿಲ್ಲ.

ಸಮಿತಿಯ ದಿನ ಹೊರಗಿನ ಇಬ್ಬರು ಪ್ರೊಫೆಸರುಗಳು, ಕಂಪನಿಯ ಎಂಜಿನಿಯರ್ ಒಬ್ಬ, ನಡುವೆ ಕುಂದರಗಿ. ಶಾಲ್ಮಲಾ ಬಿಲ್ಲೆಯನ್ನು ಅಯಸ್ಕಾಂತದ ಮೇಲೆ ಬಿಟ್ಟು ಬೆರಳಿಂದ ತಟ್ಟಿದಳು. ಅದು ತಿರುಗತೊಡಗಿತು. ಹೊರಗಿನವರು ಚಪ್ಪಾಳೆ ತಟ್ಟಿದರು. ಒಬ್ಬರು ಎದ್ದು ಬಗ್ಗಿ ನೋಡಿ, “ಭೇಷ್, ತಂಗೀ!” ಎಂದರು.

ಕುಂದರಗಿ ಮಾತ್ರ ಕುರ್ಚಿಯ ತುದಿಗೆ ಬಂದಿದ್ದರು. “ಯಾವ ಕಲ್ಲಿನಾಗ ಅರದದ್ದು ಇದು? ತೊಳೆದದ್ದರಾಗೋ, ಹೊಸಾದರಾಗೋ?”

“ಹೇಳಂಗಿಲ್ರಿ ಸರ್.”

“ಅಂದ್ರ?”

“ಅಂದ್ರ ಹೇಳಂಗಿಲ್ಲ. ಇದನ್ನ ನನ್ನ ಹೆಸರಿಲೆ ನಾನ ಬರದು ಪ್ರಕಟ ಮಾಡ್ತೀನ್ರಿ, ಕಲ್ಲು ಯಾರು ಯಾಕ ಕೊಟ್ರು ಅನ್ನೂದರಿಂದ ಹಿಡದು. ಎಲ್ಲಾರ ಜೋಡಿ ಕೂತು ನೀವೂ ಓದ್ರಿ. ನಾನೂ ಹಂಗ ತಿಳಕೊಂಡೆ.”

ಎಂಜಿನಿಯರ್ ಅವರಿಬ್ಬರ ಮುಖ ನೋಡಿದ. ಕುಂದರಗಿಯವರ ಮುಖ ಕೆಂಪಾಯಿತು.

“ಆ ಕಲ್ಲು ಎಲ್ಲಿ ಅದ?”

“ಮನಿಯಾಗ ಅದ್ರಿ. ನನ್ನ ಗಂಡಂದು. ಅವನ ಕೆಲಸ ಮುಂದುವರಸು ಅಂತ ನೀವ ಕೊಟ್ರಿ.” ಅವಳು ಕೈಗವಸು ಕಳಚಿ ಟೇಬಲ್ಲಿನ ಮೇಲಿಟ್ಟಳು. “ಫೆಲೋಶಿಪ್ ಬ್ಯಾಡ್ರಿ. ಜಾಗಾ ನಾಳೆ ಖಾಲಿ ಮಾಡ್ತೀನಿ.”

ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕುಂದರಗಿಯವರ ದನಿ ಬಂತು. ಅದರಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

“ವಿಜ್ಞಾನ ಮುಚ್ಚಿಡೂದಲ್ಲ ಶಾಲ್ಮಲಾ. ಸಿದ್ಧರಾಮ ಇದ್ದಿದ್ರ ಹೇಳ್ತಿದ್ದ.”

ಅವಳು ತಿರುಗಿ ನೋಡಿದಳು.

“ಹೌದ್ರಿ ಸರ್. ನಿಮಗ ಹೇಳ್ತಿದ್ದ.”